ತೊಳೆಯದ ಬಂಡೆ

“ಗುರುಗಳೇ, ತಂಗಿಯ ಹತ್ತಿರ ಮೂರು ಸಲ ಕ್ಷಮೆ ಕೇಳಿದೆ. ಪ್ರತಿ ಸಲವೂ ಎರಡು ತಿಂಗಳು ಚೆನ್ನಾಗಿರುತ್ತಾಳೆ, ಆಮೇಲೆ ಮತ್ತೆ ಮಾತು ಬಿಡುತ್ತಾಳೆ. ಮುಂದಿನ ವಾರ ಅವಳ ಮಗಳ ಮದುವೆ. ಸೋದರಮಾವನಾದ ನನಗೇ ಕರೆಯಿಲ್ಲ. ಮೊದಲು ಹಣ್ಣು ಒಯ್ದೆ, ಆಮೇಲೆ ಸೀರೆ, ಆಮೇಲೆ ಬಳೆ. ಈ ಸಲ ಏನು ಒಯ್ಯಲಿ?” ಎಂದು ಶಿಷ್ಯ ಕೇಳಿದ.

ಗುರುಗಳು ಕಣ್ಣು ಮುಚ್ಚಿ ಉಸಿರುಬಿಟ್ಟರು. “ನನ್ನ ಹತ್ತಿರ ಇದನ್ನು ಕೇಳುತ್ತಿರುವುದು ನಾಲ್ಕನೇ ಸಲ. ಕೇಳಿ ಕೇಳಿ ನನ್ನ ತಲೆ ಚಿಟ್ಟುಹಿಡಿದಿದೆ. ಕೂತುಕೋ. ಮುಗಿಯುವವರೆಗೆ ಬಾಯಿ ಹಾಕಬೇಡ” ಎಂದು ಹೇಳತೊಡಗಿದರು.

ಒಬ್ಬ ಮೇಸ್ತ್ರಿ ಸುರಂಗದ ಕೆಲಸ ಹಿಡಿದಿದ್ದ. ಬಂಡೆ ಸಿಡಿಸಿದ ಮೇಲೆ ಒಳಮೈಗೆ ಶಾಟ್‌ಕ್ರೀಟ್ ಹೊಡೆಯಬೇಕು. ಅಂದರೆ, ಗಾಳಿಯ ಒತ್ತಡದಿಂದ ಕಾಂಕ್ರೀಟನ್ನು ಪೈಪಿನಲ್ಲಿ ಚಿಮ್ಮಿಸಿ ಬಂಡೆಗೆ ಮೆತ್ತುವುದು. ಹಲಗೆ ಕಟ್ಟಬೇಕಾಗಿಲ್ಲ. ಸರಿಯಾಗಿ ಹೊಡೆದರೆ ತಲೆಯ ಮೇಲೂ ನಿಲ್ಲುತ್ತದೆ.

ಪೈಪು ಹಿಡಿಯುವವನು ಒಬ್ಬ ಹಳೆಯ ಆಳು. “ಮೇಸ್ತ್ರಿ, ಬಂಡೆ ತೊಳೆದಿಲ್ಲ. ಮದ್ದು ಸಿಡಿಸಿದ ಧೂಳು ಹಾಗೇ ಕೂತಿದೆ” ಎಂದ.

“ಕಾಂಕ್ರೀಟ್ ಮೆತ್ತಿದ ಮೇಲೆ ಧೂಳು ಯಾರ ಕಣ್ಣಿಗೆ ಕಾಣತ್ತೆ? ಹೊಡಿ ಸುಮ್ನೆ!” ಎಂದು ಮೇಸ್ತ್ರಿ ಗದರಿದ.

ಹೊಡೆದದ್ದು ಎಂಟು ದಿನಕ್ಕೆ ಉದುರಿತು. ಮೇಸ್ತ್ರಿ ಸಿಮೆಂಟು ಹೆಚ್ಚಿಸಿದ. ಮತ್ತೆ ಉದುರಿತು. ಕಾಂಕ್ರೀಟನ್ನು ಬೇಗ ಗಟ್ಟಿ ಮಾಡುವ ಔಷಧ ತರಿಸಿ ಬೆರೆಸಿದ. ಬಂಡೆ ತೊಳೆಯಲು ಅರ್ಧ ದಿನ ಸಾಕಿತ್ತು. ಆ ಪುಣ್ಯಾತ್ಮನಿಗೆ ಅದೊಂದು ಬಿಟ್ಟು ಮಿಕ್ಕದ್ದೆಲ್ಲ ಹೊಳೆಯಿತು. ಮೂರನೆಯ ಸಲ ಕಾಂಕ್ರೀಟಿನ ಒಂದು ದೊಡ್ಡ ಹಾಸು ಕಳಚಿ ಆ ಹಳೆಯ ಆಳಿನ ಕಾಲ ಮೇಲೆ ಬಿತ್ತು.

ನಾಲ್ಕು ಜನ ಸೇರಿ ಹಾಸನ್ನು ಎತ್ತಿ ಮಗುಚಿದರು. ಅದರ ಬೆನ್ನ ತುಂಬ ಧೂಳು. ಕಾಲು ಜಜ್ಜಿಹೋಗಿತ್ತು. ಮೇಸ್ತ್ರಿ ಇನ್ನೂ ಸಿಮೆಂಟಿನವನನ್ನೇ ಬೈಯುತ್ತಿದ್ದ. ಬಿದ್ದಲ್ಲಿಂದಲೇ ಆಳು ಹೇಳಿದ: “ಸಿಮೆಂಟಿನದೇನು ತಪ್ಪು, ಮೇಸ್ತ್ರಿ? ಅದು ಗಟ್ಟಿಯಾಗೇ ಹಿಡ್ಕೊಂಡಿದೆ. ನೀವು ಹಿಡಿಯೋಕೆ ಕೊಟ್ಟಿದ್ದು ಧೂಳನ್ನ.”

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು.

“ತಿಳಿಯಿತು, ಗುರುಗಳೇ. ಉಡುಗೊರೆಯಿಂದ ಆಗುವ ಕೆಲಸವಲ್ಲ ಇದು. ಅಣ್ಣನಾದರೂ ಸರಿ, ಈ ಸಲ ಅವಳ ಕಾಲಿಗೇ ಬಿದ್ದು ಕ್ಷಮೆ ಕೇಳುತ್ತೇನೆ.”

ಗುರುಗಳು ಹಣೆ ಚಚ್ಚಿಕೊಂಡರು.

“ಅಯ್ಯೋ ಮಾರಾಯ, ಯಾವ ತಪ್ಪಿಗೆ ಕ್ಷಮೆ ಕೇಳುತ್ತಿದ್ದೀಯ ಎಂದು ಅವಳಿಗೆ ಒಂದು ಸಲವಾದರೂ ಬಾಯಿಬಿಟ್ಟು ಹೇಳಿದ್ದೀಯಾ?”