ನಾಯಿಯ ಹೊಟ್ಟೆಗೆ ಕಿಚ್ಚು ಹತ್ತಿದ್ದು

ಆಗ ಲೋಕ ಇನ್ನೂ ಹಸಿ ಮಣ್ಣಿನ ಹಾಗಿತ್ತು, ಪುಟ್ಟೀ. ಯಾವ ಕಡೆ ಹರಿಯಬೇಕೆಂದು ಹೊಳೆಗೇ ಗೊತ್ತಿರಲಿಲ್ಲ. ಸಿಕ್ಕವರನ್ನೆಲ್ಲ ದಾರಿ ಕೇಳಿಕೊಂಡು ಹೋಗುತ್ತಿತ್ತು.

ಆ ಹೊಳೆಯ ದಂಡೆಯಲ್ಲಿ ಗಿಡ್ಡವ್ವ ಎಂಬ ಮುದುಕಿ ಇದ್ದಳು. ಅವಳಿಗೊಂದು ಮೇಕೆ, ಮೇಕೆಗೊಂದು ಮರಿ. ಮರಿಯನ್ನು ಕಾಯಲು ನಾಯಿ, ಕಾಳನ್ನು ಕಾಯಲು ಬೆಕ್ಕು.

ನಾಯಿಗೆ ದಿನಕ್ಕೆ ಎರಡು ಸಲ ಊಟ. ಬೆಕ್ಕು ಒಮ್ಮೆಗೆ ಚೂರೇ ತಿನ್ನುವವಳು, ಅದಕ್ಕೇ ಅವಳಿಗೆ ಐದು ಸಲ.

"ಅವಳಿಗೆ ಐದು, ನನಗೆ ಎರಡೇ!" ನಾಯಿಗೆ ಹೊಟ್ಟೆ ಉರಿಯಿತು. ಅವಳ ಐದೂ ಸಲದ್ದು ಸೇರಿದರೂ ತನ್ನ ಒಂದು ಊಟದಷ್ಟಾಗದು ಎಂಬುದು ಅವನ ಕಣ್ಣಿಗೆ ಬೀಳಲೇ ಇಲ್ಲ.

"ಅವ್ವಾ, ಹೊಟ್ಟೆ ಉರೀತಿದೆ," ಎಂದು ಗೋಗರೆದ.

"ಅಯ್ಯೋ ಕಂದಾ, ಹಸಿವಾ?" ಗಿಡ್ಡವ್ವ ಇನ್ನೊಂದು ಮುದ್ದೆ ಹಾಕಿದಳು.

ಬೆಕ್ಕು ನೋಡಿದಳು. "ಅವನಿಗೆ ಮುದ್ದೆಯ ಮೇಲೆ ಮುದ್ದೆ! ಅವ್ವಾ, ನನಗೂ ಹೊಟ್ಟೆ ಉರೀತಿದೆ." ಅವಳ ತಟ್ಟೆಗೂ ಕೆನೆ ಬಿತ್ತು.

ಅವನಿಗೆ ಹಾಕಿದರೆ ಇವಳಿಗೆ ಉರಿ. ಇವಳಿಗೆ ಹಾಕಿದರೆ ಅವನಿಗೆ ಉರಿ. ತಿಂದರು, ತಿಂದರು, ಇಬ್ಬರೂ ಊದಿಕೊಂಡರು. ನಾಯಿಯ ಮೈ ಸವರಿದರೆ ಪಕ್ಕೆಲುಬೇ ಕೈಗೆ ಸಿಗದು. ಬೆಕ್ಕಿನ ನಾಲಿಗೆಗೆ ಅವಳ ಬೆನ್ನೇ ಎಟುಕದು. ಇಲಿಗಳು ಅವಳ ಮೂಗಿನ ಮುಂದೆಯೇ ಕಾಳು ಹೊತ್ತೊಯ್ದವು.

ಒಂದು ಮಧ್ಯಾಹ್ನ ತೋಳ ಬಂದು ಮರಿಯನ್ನು ಕಚ್ಚಿಕೊಂಡು ಓಡಿತು. ನಾಯಿ ಬೆನ್ನಟ್ಟಿದ. ಹತ್ತು ಹೆಜ್ಜೆಗೆ ಏದುಸಿರು. ಇಪ್ಪತ್ತನೆಯದಕ್ಕೆ ಕಾಲು ಕುಸಿಯಿತು. ಮರಿಯ ಕೂಗು ದೂರ ದೂರವಾಗಿ, ನಿಂತೇ ಹೋಯಿತು.

ಗಿಡ್ಡವ್ವ ಬೈಯಲಿಲ್ಲ. ಹೊಳೆಯ ಬಳಿ ಕೂತು ಅತ್ತಳು. "ಹಸಿದವರಿಗೆ ಹಾಕಿದೆ, ತಾಯಿ. ನನ್ನದೇನು ತಪ್ಪು?"

"ಅದು ಹಸಿವಲ್ಲ ಗಿಡ್ಡವ್ವಾ, ಹೊಟ್ಟೆಕಿಚ್ಚು," ಎಂದಿತು ಹೊಳೆ. "ಕಿಚ್ಚಿಗೆ ಅನ್ನ ಸುರಿದರೆ ಆರುತ್ತದಾ? ಅಳೆದು ಹಾಕು. ಬೇರೆ ಬೇರೆ ಕಡೆ ಹಾಕು. ಹಾಗಂತ ಒಮ್ಮೆಗೇ ಉಪವಾಸ ಕೆಡವಬೇಡ, ದಿನ ದಿನಕ್ಕೆ ಚೂರು ಚೂರೇ ತಗ್ಗಿಸು. ಬೆಕ್ಕನ್ನು ಆಡಿಸು, ನಾಯಿಯನ್ನು ನನ್ನ ದಂಡೆಯ ಮೇಲೆ ನಡೆಸು."

ಗಿಡ್ಡವ್ವ ಹಾಗೇ ಮಾಡಿದಳು. ನಾಯಿಯ ತಟ್ಟೆ ಅಂಗಳದಲ್ಲಿ, ಬೆಕ್ಕಿನದು ಒಳಗೆ. "ಉರೀತಿದೆ ಅವ್ವಾ," ಎಂದು ನಾಯಿ ಬಂದರೆ ಮುದ್ದೆ ಕೊಡಲಿಲ್ಲ. ತಲೆ ಸವರಿ, "ಬಾ, ನಡಿ," ಎಂದು ಹೊಳೆಯ ಕಡೆ ಹೊರಟಳು.

ಮಳೆಗಾಲ ಕಳೆಯಿತು, ಚಳಿಯೂ ಕಳೆಯಿತು. ನಾಯಿಯ ಸೊಂಟ ಕಾಣಿಸಿತು. ಬೆಕ್ಕು ಮತ್ತೆ ಅಟ್ಟಕ್ಕೆ ಹಾರಿದಳು. ಮೇಕೆ ಮತ್ತೊಂದು ಮರಿ ಹಾಕಿದಾಗ ತೋಳ ಪುನಃ ಬಂತು. ಈ ಸಲ ನಾಯಿ ಅದನ್ನು ಗುಡ್ಡದಾಚೆಗೆ ಅಟ್ಟಿದ.

ಬೊಜ್ಜೇನೋ ಕರಗಿತು ಪುಟ್ಟೀ, ಹೊಟ್ಟೆಕಿಚ್ಚು ಮಾತ್ರ ಕರಗಲಿಲ್ಲ. ಅದಕ್ಕೇ ನೋಡು, ಇವತ್ತಿಗೂ ನಾಯಿ ಅನ್ನವನ್ನು ಅಗಿಯದೆ ಗಬಗಬ ನುಂಗಿ, ಆಗಲೇ ಬೆಕ್ಕಿನ ತಟ್ಟೆಯ ಕಡೆ ಕಣ್ಣು ನೆಟ್ಟು, ಏನೂ ತಿಂದೇ ಇಲ್ಲವೆಂಬಂತೆ ಜೊಲ್ಲು ಸುರಿಸುತ್ತ ಕೂರುತ್ತದೆ.