ತೊಟ್ಟಿಲ ಬಳಿಯ ವ್ಯಾಪಾರ

ಕಲ್ಲುಗುಡ್ಡದ ಬೈರನಾಯಕರ ಆಸ್ಥಾನದಲ್ಲಿ, ಅವರ ಪಕ್ಕದ ಆಸನದಲ್ಲೇ ಕೂತು, ಈ ಪ್ರಸಂಗವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸುಳ್ಳು. ಆ ನಾಯಕರು ಹೋಗಿ ಇನ್ನೂರು ವರ್ಷವಾಯಿತು, ನನಗೆ ಮೊನ್ನೆ ತಾನೇ ಐವತ್ತು ತುಂಬಿತು. ಅದೊಂದು ಬಿಟ್ಟರೆ ಕತೆಯೆಲ್ಲ ನಿಜ. ಹೆಚ್ಚುಕಡಿಮೆ.

ಆ ಪಾಳೆಯದ ಬೊಕ್ಕಸ ನೋಡಿಕೊಳ್ಳುತ್ತಿದ್ದವನು ರಂಗಪಯ್ಯ. ಸೀನು ಬಂದರೂ ಅರ್ಧ ಸೀನಿ ಅರ್ಧ ಉಳಿಸಿಕೊಳ್ಳುವ ಮನುಷ್ಯ. ಒಂದು ದಿನ ಆತ ನಾಯಕರ ಮುಂದೆ ಎದೆ ಸೆಟೆಸಿ ನಿಂತ.

"ಪ್ರಭು, ಬೊಕ್ಕಸದಿಂದ ಹೋಗುವುದು ಒಂದೇ ಹಣ, ಅದಕ್ಕೆ ಹೆಸರು ಇಪ್ಪತ್ತು! ಪುರೋಹಿತರಿಗೆ ಕೊಟ್ಟರೆ ದಕ್ಷಿಣೆ, ಹಾಡುವವಳಿಗೆ ಸಂಭಾವನೆ, ಮಣ್ಣು ಹೊತ್ತವನಿಗೆ ಕೂಲಿ, ಗಾಡಿಯವನಿಗೆ ಬಾಡಿಗೆ. ದೇವರಿಗೆ ಕಾಣಿಕೆ, ದೇವರು ಮೈಮೇಲೆ ಬಂದವನಿಗೂ ಕಾಣಿಕೆ! ಇನ್ನು ಮೇಲೆ ಎಲ್ಲಕ್ಕೂ ಒಂದೇ ಮಾತಿರಲಿ, ಬೆಲೆ. ಬೆಲೆ ಅಂದರೆ ಚೌಕಾಸಿ ಮಾಡಬಹುದು. ಏನನ್ನಾದರೂ ತಂದು ನಿಲ್ಲಿಸಿ, ಅರ್ಧಕ್ಕೆ ಇಳಿಸದಿದ್ದರೆ ನಾನು ರಂಗಪಯ್ಯನೇ ಅಲ್ಲ!"

ನಾಯಕರಿಗೆ ಊಟದ ಮೇಲಿನ ತೂಕಡಿಕೆ. ತಲೆ ಒಮ್ಮೆ ಮುಂದಕ್ಕೆ ಬಿತ್ತು. ಅದನ್ನೇ ಒಪ್ಪಿಗೆ ಎಂದುಕೊಂಡು ರಂಗಪಯ್ಯ ಡಂಗುರ ಹೊಡೆಸಿದ: ಬೊಕ್ಕಸದ ಹಣ ಬೇಕಾದವರು ತಮ್ಮ ಬಾಯಾರೆ ಬೆಲೆ ಹೇಳಬೇಕು, ಬೇರೆ ಮಾತು ಆಡುವಂತಿಲ್ಲ. ಹೇಳದವರು ಗಡಿ ದಾಟಬೇಕು.

ಮೊದಲು ಸಿಕ್ಕವರು ಪುರೋಹಿತರು.

"ಪೂಜೆಯ... ಬೆಲೆ... ನಾಲ್ಕು ವರಹ," ಎಂದರು ಅವರು, ಬೇವಿನ ಕಷಾಯ ಕುಡಿದವರಂತೆ.

"ಎರಡು. ಮಂತ್ರ ಅರ್ಧ ಹೇಳಿ ಸಾಕು, ದೇವರಿಗೆ ಉಳಿದದ್ದು ಬಾಯಿಪಾಠ ಇರುತ್ತದೆ."

ಹೀಗೆ ನಡೆಯುತ್ತಿರುವಾಗ ನಾಯಕರಿಗೆ ಗಂಡುಮಗು ಹುಟ್ಟಿತು. ಹೆರಿಗೆ ಮಾಡಿಸಿದವಳು ಸೂಲಗಿತ್ತಿ ಮಾದವ್ವ. ಆ ಕಡೆಯ ಪದ್ಧತಿ ಏನೆಂದರೆ, ಸೂಲಗಿತ್ತಿ ಇಷ್ಟು ಕೊಡಿ ಎಂದು ಕೇಳುವುದಿಲ್ಲ. ನಾಮಕರಣದ ದಿನ ಮೊರ ಹಿಡಿದು ನಿಲ್ಲುತ್ತಾಳೆ, ಮನೆಯವರು ತೋಚಿದ್ದು ಹಾಕುತ್ತಾರೆ. ಹಿಂದಿನ ದಿನವೇ ರಂಗಪಯ್ಯ ಅವಳನ್ನು ಕರೆಸಿದ.

"ಬೆಲೆ ಹೇಳು."

"ಹೇಳಾಕಿಲ್ಲ ಬುದ್ಧಿ. ನಮ್ಮವ್ವ ಹೇಳಿಲ್ಲ, ನಮ್ಮತ್ತೆ ಹೇಳಿಲ್ಲ. ಅದನ್ನ ಹೇಳಿದ ಬಾಯಿ ಇಟ್ಕೊಂಡು ಇನ್ನೊಬ್ಬ ಬಾಣಂತಿ ಮನೆ ಹೆಂಗೆ ಮೆಟ್ಟಲಿ?"

"ನಾಳೆ ನಾಮಕರಣ ಮುಗಿಯುವುದರೊಳಗೆ ಹೇಳು. ಇಲ್ಲವಾದರೆ ಮನೆ ಬಿಟ್ಟು ಗಡಿ ದಾಟು."

ಮಾದವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿನ್ನ ಹೊರಗೆ ಎಳೆದವಳೂ ನಾನೇ ಕಣಪ್ಪ. ಎರಡೂ ಮುಷ್ಟಿ ಬಿಗಿಯಾಗಿ ಮುಚ್ಕೊಂಡೇ ಬಂದಿದ್ದೆ."

ಅಷ್ಟು ಹೇಳಿ ಬಂದಳೇನೋ ಸರಿ. ಆದರೆ ಆಸ್ಥಾನದ ವಿದೂಷಕ ಕೇತಣ್ಣನ ಜಗುಲಿ ತಲುಪಿದವಳೇ ಕಂಬಕ್ಕೆ ಒರಗಿ ಕೂತುಬಿಟ್ಟಳು. "ಈ ವಯಸ್ನಲ್ಲಿ ಎಲ್ಲಿಗೆ ಹೋಗ್ಲೋ ಕೇತ?"

ಕೇತಣ್ಣನೂ ಅವಳ ಕೈಯಲ್ಲೇ ಹುಟ್ಟಿದವನು. ಎಲೆಯಡಿಕೆ ಜಗಿದು ಜಗಿದು ಕೊನೆಗೆ ಎದ್ದು ನಿಂತ. "ಅವ್ವ, ನಾಳೆ ಮೊರ ಹಿಡಿದು ಬಾ. ಬಾಯಿ ಮಾತ್ರ ಬಿಡಬೇಡ. ದಲ್ಲಾಳಿ ನಾನು."

ಮರುದಿನ ಅರಮನೆಯ ತೊಟ್ಟಿಯಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಕೇತಣ್ಣ ದನದ ಸಂತೆಯ ದಲ್ಲಾಳಿಯಂತೆ ದೊಡ್ಡ ರುಮಾಲು ಸುತ್ತಿಕೊಂಡು ಬಂದವನೇ ನೇರ ತೊಟ್ಟಿಲ ಬಳಿ ಹೋದ. ಕಿರುಬೆರಳಿನಿಂದ ಕೂಸಿನ ತುಟಿ ಸರಿಸಿ ನೋಡಿದ.

"ಇನ್ನೂ ಹಲ್ಲು ಹಾಕಿಲ್ಲ."

ನೆತ್ತಿ ಸವರಿದ. "ಸುಳಿ ನೆಟ್ಟಗಿದೆ. ಕಾಲು ಒದೆಯುತ್ತದೆ, ಚುರುಕು. ದುಡಿಯುವುದು ಮಾತ್ರ ಅನುಮಾನ, ದೊಡ್ಡ ಮನೆಯದಲ್ಲವೇ."

ರಾಣಿಯಮ್ಮ ಕಿಟಾರನೆ ಕಿರುಚಿದರು. ನಾಯಕರ ಕೈ ಕತ್ತಿಗೆ ಹೋಯಿತು. "ಕೇತಣ್ಣ! ಏನಿದು?"

"ವ್ಯಾಪಾರ, ಪ್ರಭು. ಮಾದವ್ವ ಬೆಲೆ ಹೇಳಬೇಕಂತೆ, ಇಲ್ಲವಾದರೆ ಇವತ್ತೇ ಗಡಿಪಾರಂತೆ. ಮಾಲು ನೋಡದೆ ಬೆಲೆ ಹೇಳುವುದು ಹೇಗೆ?"

"ಕೂಸಿಗಲ್ಲ!" ಎಂದ ರಂಗಪಯ್ಯ ಬೆವರುತ್ತ. "ಅವಳ ಕೆಲಸಕ್ಕೆ!"

"ಕೆಲಸಕ್ಕೆ ಕೊಡುವುದು ಕೂಲಿ. ಆ ಮಾತನ್ನು ನೀವೇ ಓಡಿಸಿದ್ದೀರಿ. ಸಂಭಾವನೆ ಅನ್ನೋಣವೇ? ಅದೂ ಹೋಯಿತು. ಇನ್ನು ಉಳಿದದ್ದು ಬೆಲೆ. ಬೆಲೆ ಎಂದ ಮೇಲೆ ಒಂದು ಮಾಲು ಕೈಯಿಂದ ಕೈಗೆ ದಾಟಿರಬೇಕು. ಅವತ್ತು ಮಾದವ್ವನ ಕೈಯಿಂದ ಪ್ರಭುಗಳ ಕೈಗೆ ದಾಟಿದ್ದು ಇದೊಂದೇ!" ಎಂದು ತೊಟ್ಟಿಲು ತೋರಿಸಿದ ಕೇತಣ್ಣ, ಹೆಗಲ ವಸ್ತ್ರವನ್ನು ರಂಗಪಯ್ಯನ ಕೈಮೇಲೆ ಹಾಸಿ ಅದರಡಿ ತನ್ನ ಕೈ ತೂರಿಸಿದ. ದನದ ಸಂತೆಯಲ್ಲಿ ಹಾಗೇ ತಾನೇ? ಬಾಯಲ್ಲಿ ಏನೂ ಇಲ್ಲ, ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದೇ ಬೆಲೆ.

ಕೇತಣ್ಣ ಐದು ಬೆರಳನ್ನೂ ಹಿಡಿದ. ರಂಗಪಯ್ಯನ ಕೈಗೆ ನಲವತ್ತು ವರ್ಷದ ಚೌಕಾಸಿಯ ಅಭ್ಯಾಸ. ಅವನು ಬೇಡ ಬೇಡ ಎನ್ನುವಷ್ಟರಲ್ಲಿ ಎರಡು ಬೆರಳು ತಾವಾಗಿಯೇ ಮಡಚಿಕೊಂಡವು, ಮೂರನೆಯದು ಅರ್ಧಕ್ಕೆ ಬಾಗಿತು.

"ಪ್ರಭು!" ಕೇತಣ್ಣ ಕೂಗಿದ. "ಯುವರಾಜರಿಗೆ ಐದು ಅಂದೆ, ರಂಗಪಯ್ಯನವರು ಎರಡೂವರೆ ಅಂತಾರೆ!"

"ಎರಡೂವರೆ ಏನು?" ನಾಯಕರು ಗುಡುಗಿದರು.

"ಸಾವಿರವೋ, ನೂರೋ, ಬರೀ ಎರಡೂವರೆಯೋ, ಅದನ್ನು ದಲ್ಲಾಳಿ ಬಾಯಿಬಿಡುವಂತಿಲ್ಲ."

"ನನ್ನ ಮಗನಿಗೆ ಎರಡೂವರೆಯೇ!" ಎಂದರು ರಾಣಿಯಮ್ಮ.

"ಬೇಡವಾದರೆ ಬಿಡಿ ಅಮ್ಮಾವ್ರೇ. ಬೆಲೆ ಕುದುರದಿದ್ದರೆ ಮಾಲು ತಂದವರ ಪಾಲಿಗೆ ವಾಪಸ್ಸು. ಮಾದವ್ವ, ಮೊರ ಹಿಡಿ!"

ಮಾದವ್ವ ಹಿಡಿದೇಬಿಟ್ಟಳು. ರಾಣಿಯಮ್ಮ ಕೂಸನ್ನು ಎತ್ತಿ ಎದೆಗವಚಿಕೊಂಡರು. ನಾಯಕರು ಆ ಖಾಲಿ ಮೊರ ನೋಡಿದರು, ಬಟ್ಟೆಯಡಿ ಸಿಕ್ಕಿಕೊಂಡು ಒದ್ದಾಡುತ್ತಿದ್ದ ರಂಗಪಯ್ಯನ ಕೈ ನೋಡಿದರು. ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಸಾಕು ನಿಲ್ಲಿಸೋ ಮಾರಾಯ! ರಂಗಪಯ್ಯ, ನಿನ್ನ ಡಂಗುರ ರದ್ದು. ಆ ಇಪ್ಪತ್ತು ಹೆಸರನ್ನೂ ಮರ್ಯಾದೆಯಿಂದ ವಾಪಸ್ಸು ಕರೆಸು. ಮಾದವ್ವ ಎಲ್ಲಿಗೂ ಹೋಗುವುದಿಲ್ಲ."

ರಾಣಿಯಮ್ಮ ಕೈಯ ಬಳೆಗಳನ್ನು ಬಿಚ್ಚಿ ಮೊರಕ್ಕೆ ಹಾಕಿದರು. ಮಾದವ್ವ ಅವನ್ನು ಎಣಿಸಲಿಲ್ಲ, ಕೂಸಿನ ದೃಷ್ಟಿ ತೆಗೆದಳು.

"ಕೇತಣ್ಣನಿಗೂ ಒಂದು ಚೀಲ ವರಹ ಕೊಡು," ಎಂದರು ನಾಯಕರು.

ರಂಗಪಯ್ಯ ಲೇಖನಿ ಹಿಡಿದು ಹಲ್ಲು ಕಡಿದ. "ಯಾವ ಹೆಸರಲ್ಲಿ ಬರೆದುಕೊಳ್ಳಲಿ?"

"ಮೊದಲು ಚೀಲ ಕೈಗೆ ಬರಲಿ ಸ್ವಾಮಿ," ಎಂದ ಕೇತಣ್ಣ. "ಹೆಸರು ಕಿವಿಯಲ್ಲಿ ಹೇಳುತ್ತೇನೆ. ಹೇಗೂ ಇವತ್ತು ನಾಮಕರಣ!"

ಇಷ್ಟೇ ಕತೆ. ಇದಕ್ಕೆ ನಾನು ಏನೂ ಕೇಳುವವನಲ್ಲ, ಆದರೆ ಈ ಚಹಾದಂಗಡಿಯ ಗಲ್ಲಾದ ಮೇಲೆ ಕೂತಿರುವವನು ಕೇಳುತ್ತಾನೆ. ಎರಡು ಚಹಾ, ಒಂದು ಬೋಂಡ. ಚಿಲ್ಲರೆ ಇದೆಯಲ್ಲ ನಿಮ್ಮ ಹತ್ತಿರ?