ಹದಿನೈದು ಗೇಣಿನ ಕೊಕ್ಕೆಗೋಲು

ಹುಲುಗಪ್ಪ ಎಂಬ ಅಂಬಿಗ ಇಪ್ಪತ್ತೆರಡು ವರ್ಷ ಕುಡಿದ. ಒಂದು ದಿನ ಬಿಟ್ಟ. ಆ ದಿನ ಏನಾಗಿರಬಹುದು, ಊಹಿಸಿ ನೋಡೋಣ.

ದೇವಿ ಕನಸಿನಲ್ಲಿ ಬಂದಳೆ? ಇಲ್ಲ. ಹೊಳೆಯಲ್ಲಿ ಮುಳುಗಿ ಎದ್ದನೆ? ಅದು ಮೊದಲೇ ಆಗಿತ್ತು. ಎದ್ದವನು ಚಳಿ ಚಳಿ ಎಂದು ಇನ್ನೊಂದು ಗುಟುಕು ಹಾಕಿದ್ದ. ಮಗಳು ಅತ್ತಳೆ? ಅತ್ತಿದ್ದಳು, ಪಾಪ, ಎಷ್ಟೋ ಸಲ. ಆಣೆ ಮಾಡಿದನೆ? ಅದನ್ನಂತೂ ಕೇಳಲೇಬೇಡಿ.

ಊಹೆ ನಿಮ್ಮ ಹತ್ತಿರವೇ ಇರಲಿ. ನಾನು ಕಥೆ ಹೇಳುತ್ತಾ ಹೋಗುತ್ತೇನೆ. ಆ ದಿನ ನಿಮ್ಮ ಮುಂದೆಯೇ ಹಾದುಹೋಗುತ್ತದೆ, ಸಿಕ್ಕರೆ ಹಿಡಿದುಕೊಳ್ಳಿ.

ಹೊಳೆಯ ದಂಡೆಯ ಮೇಲೊಂದು ಆಶ್ರಮ. ಎರಡು ಗುಡಿಸಲು, ಒಂದು ಬೇವಿನ ಮರ. ಅಲ್ಲಿದ್ದ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅಡುಗೆಗೆ ಸಂಗವ್ವ ಎಂಬ ಮುದುಕಿ. ಅಜ್ಜಾರದು ಮಾತು ಕಡಿಮೆ. ಆ ಕೊರತೆಯನ್ನು ಸಂಗವ್ವ ತುಂಬಿಕೊಡುತ್ತಿದ್ದಳು.

ದಸರೆ ಮುಗಿದ ಮರುದಿನ ಹುಲುಗಪ್ಪ ಬಂದು ಅಜ್ಜಾರ ಕಾಲಿಗೆ ಬಿದ್ದ.

"ಅಜ್ಜಾರ, ನನ್ನ ಉಳಿಸ್ರಿ. ಇವತ್ತಿಂದ ಮುಟ್ಟೂದಿಲ್ಲ. ನಿಮ್ಮ ಪಾದದ ಆಣಿ."

"ಇದು ಎಷ್ಟನೇ ಆಣಿ?"

ಹುಲುಗಪ್ಪ ಬೆರಳು ಮಡಚಿದ. "ದೇವಿ ಮ್ಯಾಲ ಏಳು. ಮಗಳ ಮ್ಯಾಲ ಮೂರು."

"ಎಲ್ಲಾಕ್ಕಿಂತ ಗಟ್ಟಿ ಉಳಿದದ್ದು ಯಾವುದು?"

"ಒಂದು ಮಂಗಳವಾರ ಮಾಡಿದ್ದು ಶುಕ್ರವಾರದ ತನಕ ಬಂದಿತ್ರಿ."

"ಹಂಗಾರ ನನ್ನ ಪಾದ ಬಿಡು. ಅದಕ್ಕ ನಡಿಯೂ ಕೆಲಸ ಐತಿ."

ಸಂಗವ್ವ ಒಲೆಯ ಹಿಂದೆ ಕಿಸಕ್ಕನೆ ನಕ್ಕಳು.

ಹುಲುಗಪ್ಪ ತನ್ನ ಸಂಕಟ ಹೇಳಿಕೊಂಡ. ಹೆಂಡತಿ ತೀರಿಹೋಗಿದ್ದಳು. ಒಬ್ಬಳೇ ಮಗಳು ನಿಂಬೆವ್ವ, ಆಚೆ ದಂಡೆಯ ಊರಿಗೆ ಕೊಟ್ಟಿತ್ತು. ಈ ಮಳೆಗಾಲದಲ್ಲಿ ಅವಳನ್ನು ಹರಿಗೋಲಿನಲ್ಲಿ ಕರೆತರುವಾಗ ಅವನ ಹೊಟ್ಟೆಯಲ್ಲಿ ಸೇಂದಿ ಇತ್ತು. ನಡುಹೊಳೆಯಲ್ಲಿ ಹುಟ್ಟು ಕೈಜಾರಿತು. ಹರಿಗೋಲು ಬುಗುರಿಯ ಹಾಗೆ ತಿರುಗಿ, ಬಂಡೆಗೆ ಬಡಿದು, ಇಬ್ಬರೂ ನೀರಿಗೆ ಬಿದ್ದು, ಹೇಗೋ ಬದುಕಿಕೊಂಡರು. ಊರ ಹಿರಿಯರು ಅವನ ಹರಿಗೋಲನ್ನು ದಂಡೆಯ ಮೇಲೆ ಬೋರಲು ಹಾಕಿ, ಇನ್ನು ಮುಟ್ಟಬೇಡ ಎಂದರು.

"ಈಗ ಆಕಿ ಬಸರಿ ಅದಾಳ್ರಿ. ಚೊಚ್ಚಲ ಹೆರಿಗಿ. ತವರಿಗೆ ಬಾ ಅಂತ ಹೇಳಿ ಕಳಿಸಿದ್ದೆ. 'ನಮ್ಮಪ್ಪ ಹುಟ್ಟು ಹಿಡಿಯೂದಾದ್ರ ನಾ ಹತ್ತೂದಿಲ್ಲ, ಬ್ಯಾರೆಯವರು ಹಿಡಿದ್ರ ನಾ ಬರೂದಿಲ್ಲ' ಅಂದಾಳ್ರಿ."

"ಅಂದ್ರ?"

"ಅಂದ್ರ ನಾನೇ ಹೋಗಬೇಕ್ರಿ. ನೆಟ್ಟಗಾಗಿ ಹೋಗಬೇಕು. ಆದ್ರ ಈ ಮನಸು ಕೆಟ್ಟದ್ದು ಅಜ್ಜಾರ."

"ಮನಸಿನ ಸುದ್ದಿ ನನಗ ಗೊತ್ತಿಲ್ಲ. ಕೈ ತೋರಿಸು."

ಹುಲುಗಪ್ಪ ಕೈ ಚಾಚಿದ. ಬೆರಳು ಬೇವಿನೆಲೆಯ ಹಾಗೆ ನಡುಗುತ್ತಿದ್ದವು.

"ಸೇಂದಿ ಗಡಿಗಿ ಎದುರಿಗೆ ಬಂದಾಗ ಮೊದಲು ಹೋಗೂದು ಯಾವುದು? ಮನಸೋ, ಕೈಯೋ?"

ಅವನನ್ನು ಇಪ್ಪತ್ತೆರಡು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ.

"ಕೈ ರೀ. ಮನಸು ಆಮ್ಯಾಲ ಬಂದು ಬೈತೈತಿ."

"ಹಂಗಾರ ಕೈಗೇ ಕಲಿಸೂಣು. ಮನಸು ಆಮ್ಯಾಲ ಬಂದು ನೋಡಲಿ."

ಮರುದಿನ ಬೆಳಿಗ್ಗೆ ಅಜ್ಜಾರು ಅವನ ಕೈಗೆ ಒಂದು ಕೊಕ್ಕೆಗೋಲು ಕೊಟ್ಟರು. ಹದಿನೈದು ಗೇಣು ಉದ್ದದ ಬಿದಿರು, ತುದಿಗೆ ಕಬ್ಬಿಣದ ಕೊಕ್ಕೆ.

"ಹೊಳ್ಯಾಗ ಕಟಗಿ ತೇಲಿ ಬಂದ್ರ ಎಳಕೋ. ಗಡಿಗಿ ಬಂದ್ರ ಆಚೆ ತಳ್ಳು."

"ಮತ್ತ?"

"ಅಷ್ಟ."

"ಜಪ ಏನಾರ?"

"ಬ್ಯಾಡ."

ಹೊಳೆಯ ಮೇಲಿನ ತಿರುವಿನಲ್ಲಿ ಸಂಗವ್ವ ಒಂದು ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. ಅದರಲ್ಲಿ ಒಲೆಗೆ ಬೇಕಾದ ಕಟ್ಟಿಗೆ ಇತ್ತು, ಸೇಂದಿ ಅಂಗಡಿಯಿಂದ ತಂದ ಖಾಲಿ ಗಡಿಗೆಗಳೂ ಇದ್ದವು. ಮನಸ್ಸಿಗೆ ಬಂದ ಹಾಗೆ ಒಂದೊಂದನ್ನೇ ನೀರಿಗೆ ಬಿಡುತ್ತಿದ್ದಳು. ಅಜ್ಜಾರು ಸೇಂದಿ ವ್ಯಾಪಾರ ಶುರು ಮಾಡಿದ್ದಾರಂತೆ ಎಂದು ಊರಲ್ಲಿ ಎರಡು ದಿನ ಸುದ್ದಿಯಾಯಿತು.

ಮೊದಲ ದಿನ ಹತ್ತು ಗಡಿಗೆ ಬಂದವು. ಹುಲುಗಪ್ಪ ಏಳನ್ನು ಎಳೆದುಕೊಂಡ. ಎಳೆದ ಮೇಲೆ ನೆನಪಾಗಿ ನಾಲಗೆ ಕಚ್ಚಿಕೊಳ್ಳುತ್ತಿದ್ದ. ಒಂದರೊಳಗೆ ಮೂಗೂ ಇಟ್ಟ.

"ಏನಪಾ, ಒಳಗ ನಿಮ್ಮಜ್ಜ ಕುಂತಾನೇನು, ಹಂಗ ಇಣುಕಾಕತ್ತಿ?" ಎಂದು ಸಂಗವ್ವ ತಿರುವಿನಿಂದಲೇ ಕೂಗಿದಳು.

ಅಜ್ಜಾರು ಒಂದೇ ಮಾತು ಹೇಳಿದರು. "ಮತ್ತ ಮಾಡು."

ಮರುದಿನ ಐದು ಎಳೆದ. ಅದರ ಮರುದಿನ ಎರಡು. ವಾರ ಕಳೆಯುವ ಹೊತ್ತಿಗೆ ಕೋಲು ತಾನೇ ಹೋಗಿ ತಾನೇ ಬರುತ್ತಿತ್ತು. ಕಟ್ಟಿಗೆ ಈಚೆ, ಗಡಿಗೆ ಆಚೆ. ಸಂಜೆ ಕೆಳಗಿನ ಬಂಡೆಗಳಿಗೆ ತಾಗಿ ನಿಂತ ಗಡಿಗೆಗಳನ್ನು ಅವನೇ ಆರಿಸಿ ಬುಟ್ಟಿಗೆ ತುಂಬಿ ಸಂಗವ್ವನಿಗೆ ಕೊಡಬೇಕು.

"ಅಜ್ಜಾರ, ಇದು ಕೂಸು ಮಾಡೂ ಕೆಲಸ."

"ಕೂಸು ಮಾಡ್ತೈತಿ. ನೀ ಮಾಡು."

ದೀಪಾವಳಿಯ ಪಾಡ್ಯದ ದಿನ ಹುಲುಗಪ್ಪ ಹೊಸ ಅಂಗಿ ಹಾಕಿಕೊಂಡು ನಿಂತ. "ನಾ ತಯಾರಾದೆ ಅಜ್ಜಾರ. ನೂರು ಗಡಿಗಿ ಬಿಡ್ರಿ, ಒಂದೂ ಎಳಿಯೂದಿಲ್ಲ. ಇವತ್ತು ಹಬ್ಬ, ಮಗಳ ಕಡೆ ಹೋಗಿ ಬರ್ತೀನಿ."

ಅಜ್ಜಾರು ಹೋಗು ಎನ್ನಲಿಲ್ಲ. ಬೇಡ ಎನ್ನಲೂ ಇಲ್ಲ.

ಬೇರೆಯವರ ಹರಿಗೋಲು ಹತ್ತಿ ಹೋದ. ಮೂರನೆಯ ದಿನ, ತದಿಗೆಯಂದು, ಅಂಗಿಗೆ ಮಣ್ಣು ಮೆತ್ತಿಕೊಂಡು ಬಂದ. ಮಗಳ ಮನೆ ಮುಟ್ಟಿರಲಿಲ್ಲ. ಆಚೆ ದಂಡೆಯ ಹುಣಸೆ ಮರದ ಕೆಳಗೆ ಹಳೆಯ ಗೆಳೆಯರು ಕುಳಿತಿದ್ದರು; ಯಾರೋ ತಂಬಿಗೆ ಚಾಚಿದರು; ಅಲ್ಲಿಂದ ಮುಂದೆ ಅವನಿಗೆ ಏನೂ ನೆನಪಿರಲಿಲ್ಲ. ನಿಂಬೆವ್ವನಿಗೆ ಮಾತ್ರ ಯಾರೋ ಹೋಗಿ ಹೇಳಿದ್ದರು. ಅಂಥ ಸುದ್ದಿಗೆ ಕಾಲು ಬೇಗ.

ಸಂಗವ್ವ ಅಂಬಲಿಯ ಬಟ್ಟಲು ತಂದು ಅವನ ಮುಂದಿಟ್ಟಳು.

"ಎಲ್ಲಾ ಕಲಿತಿದ್ದೆ ಅಜ್ಜಾರ," ಹುಲುಗಪ್ಪ ಮುಖ ಎತ್ತದೆ ಹೇಳಿದ. "ಆದ್ರ ಅಲ್ಲಿ ನನ್ನ ಕೈಯಾಗ ಕೋಲು ಇರಲಿಲ್ಲ."

ನಗುವಂಥ ನೆಪ, ಅಲ್ಲವೆ? ಅಜ್ಜಾರು ನಗಲಿಲ್ಲ. ಇಷ್ಟು ದಿನದಲ್ಲಿ ಮೊದಲ ಸಲ ತಲೆದೂಗಿದರು.

"ಖರೆ ಮಾತು. ತಪ್ಪು ನಂದು. ಗರಗಸ ತಗೊಂಡು ಬಾ."

ತಂದ.

"ಕೋಲು ಒಂದು ಗೇಣು ಕೊಯ್ಯಿ."

"ಯಾವ ಕಡಿ?"

"ನೀ ಹಿಡಿಯೂ ಕಡಿ."

ಅಂದಿನಿಂದ ದಿನಕ್ಕೊಂದು ಗೇಣು. ಕೊಯ್ದ ತುಂಡು ಸಂಗವ್ವನ ಒಲೆಗೆ. ಕೋಲು ಗಿಡ್ಡವಾದಂತೆ ಹುಲುಗಪ್ಪ ನೀರಿಗಿಳಿಯಬೇಕಾಯಿತು. ಮೊದಲು ಮೊಣಕಾಲು, ಆಮೇಲೆ ತೊಡೆ, ಆಮೇಲೆ ಸೊಂಟ. ಗಡಿಗೆಗಳು ದಿನದಿನಕ್ಕೆ ಹತ್ತಿರವಾದವು. ಮೊದಲು ಕಣ್ಣಿಗಷ್ಟೇ ಕಾಣುತ್ತಿದ್ದವುಗಳ ವಾಸನೆ ಈಗ ಮೂಗಿಗೂ ಬಡಿಯತೊಡಗಿತು. ಕೈ ಮತ್ತೆ ತಪ್ಪತೊಡಗಿತು. "ಮತ್ತ ಮಾಡು" ಎಂಬ ಮಾತು ಮತ್ತೆ ಕೇಳತೊಡಗಿತು.

ಇನ್ನೊಂದು ಬದಲಾವಣೆಯೂ ಆಯಿತು. ಅಷ್ಟು ದಿನ ಸುಮ್ಮನಿದ್ದ ಅಜ್ಜಾರು ದಂಡೆಯ ಕಲ್ಲಿನ ಮೇಲೆ ಕುಳಿತು ಮಾತಿಗೆ ಎಳೆಯತೊಡಗಿದರು. ಯಾವ ಮಡುವಿನಲ್ಲಿ ಎಂಥ ಮೀನು, ಹರಿಗೋಲಿಗೆ ಯಾವ ಬಿದಿರು ಒಳ್ಳೆಯದು, ನಿಂಬೆವ್ವ ಹುಟ್ಟಿದಾಗ ಹೊಳೆ ಎಷ್ಟಿತ್ತು.

"ಮಾತಾಡಿಸಬ್ಯಾಡ್ರಿ ಅಜ್ಜಾರ, ಕೈ ತಪ್ತೈತಿ!"

"ಸೇಂದಿ ಕೊಡಾವ್ರು ಬಾಯಿ ಮುಚ್ಚಿಕೊಂಡು ಕೊಡ್ತಾರೇನು?"

ಹದಿನೈದು ದಿನಕ್ಕೆ ಕೋಲು ಮುಗಿಯಿತು. ಕೊನೆಯ ಗೇಣಿನ ಜೊತೆ ಕೊಕ್ಕೆಯೂ ಹೋಯಿತು. ಉಳಿದದ್ದು ಬರಿಯ ಅಂಗೈ.

ಅದಾಗಿ ಮೂರನೆಯ ದಿನ ಗುರು ಶಿಷ್ಯರ ನಡುವೆ ದೊಡ್ಡ ಚರ್ಚೆ ನಡೆದಿತ್ತು. ವಿಷಯ ಬದನೆಕಾಯಿ ಎಣಗಾಯಿ.

"ಗುರೆಳ್ಳು ಹಾಕಲಿಲ್ಲ ಅಂದ್ರ ಅದು ಎಣಗಾಯಿನೇ ಅಲ್ರಿ," ಹುಲುಗಪ್ಪ ಸೊಂಟಮಟ್ಟದ ನೀರಿನಲ್ಲಿ ನಿಂತು ವಾದಿಸುತ್ತಿದ್ದ.

"ಶೇಂಗಾ ಸಾಕು."

"ಏನು ಸಾಕು? ನಮ್ಮ ಮನಿಯಾಕಿ ಮಾಡ್ತಿದ್ಲು ನೋಡ್ರಿ, ಗುರೆಳ್ಳು ಹುರಿದು..."

ಒಂದು ಕಟ್ಟಿಗೆ ಬಂತು. ಇನ್ನೊಂದು ಬಂತು. ಕಂಠ ಒಡೆದ ಒಂದು ಸಣ್ಣ ಗಡಿಗೆ ಬಂತು, ಬಾಯಿಗೆ ಎಲೆ ಕಟ್ಟಿತ್ತು. ಮತ್ತೆರಡು ಕಟ್ಟಿಗೆ ಬಂದವು.

"...ಕುಟ್ಟಿ, ಹುಣಸಿ ಹುಳಿ ಹಿಂಡಿ, ಆಹಾ! ನೀವು ಉಂಡಿಲ್ಲ, ಅದಕ್ಕ ಹಿಂಗಂತೀರಿ."

ಸಂಗವ್ವ ಆ ದಿನ ಬುಟ್ಟಿ ಬಿಟ್ಟು ತಿರುವಿನಿಂದ ಓಡೋಡಿ ಬಂದು, ಏದುಸಿರು ಬಿಡುತ್ತಾ ಅಜ್ಜಾರ ಮುಖ ನೋಡಿದಳು. ಅಜ್ಜಾರು ನೀರು ನೋಡುತ್ತಿದ್ದರು.

"ಆಯ್ತು, ನಾಳಿಂದ ಗುರೆಳ್ಳು ಹಾಕು ಸಂಗವ್ವ," ಎಂದರು.

ದಿನಗಳು ಹಾಗೆಯೇ ಹೋದವು. ಚಳಿ ಬಂತು. ಬೆಳಗಿನ ನೀರು ಕೊರೆಯುತ್ತಿತ್ತು, ಆದರೂ ಇಳಿಯುತ್ತಿದ್ದ. ಬೆರಳಿನ ನಡುಕ ಯಾವಾಗ ನಿಂತಿತೋ, ಅದನ್ನು ಮೊದಲು ಗಮನಿಸಿದವಳು ಅವನಿಗೆ ಅಂಬಲಿ ಬಡಿಸುವ ಸಂಗವ್ವ. ಒಮ್ಮೆ ಹುಲುಗಪ್ಪನೇ ಹೇಳಿಕೊಂಡ:

"ಅಜ್ಜಾರ, ಸುಳ್ಳು ಹೇಳೂದಿಲ್ಲ. ಬಾಯಿಗೆ ಆಸಿ ಇನ್ನೂ ಹಂಗ ಐತ್ರಿ."

"ಇರಲಿ. ಬಾಯಿಗೆ ನಾ ಏನೂ ಕಲಿಸಿಲ್ಲ."

ಸಂಕ್ರಾಂತಿ ಕಳೆದು ನಾಲ್ಕು ದಿನಕ್ಕೆ ಅಜ್ಜಾರು ಊರ ಹಿರಿಯರಿಗೆ ಒಂದು ಮಾತು ಹೇಳಿಕಳಿಸಿದರು. ಬೋರಲು ಬಿದ್ದಿದ್ದ ಹರಿಗೋಲು ಅಂಗಾತವಾಯಿತು. ಹುಲುಗಪ್ಪ ಒಬ್ಬನೇ ಹುಟ್ಟು ಹಾಕಿಕೊಂಡು ಆಚೆ ದಂಡೆಗೆ ಹೋದ.

ಮಗಳ ಮನೆಯಲ್ಲಿ ಬೀಗರು ಬಲು ಜೋರು ಆಸಾಮಿ. ಅಂಗಳದಲ್ಲಿ ಕಂಬಳಿ ಹಾಸಿದರು. ಒಳಬಾಗಿಲಲ್ಲಿ ನಿಂಬೆವ್ವ ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಬಾ ಅಪ್ಪಾ ಎನ್ನಲಿಲ್ಲ.

"ಹೊಳಿ ಹ್ಯಾಂಗೈತ್ರಿ ಬೀಗರ?" ಎಂದು ಅವಳ ಮಾವ ಕೇಳಿದರು.

"ಇಳದೈತ್ರಿ. ಆದ್ರ ನಡುವಿನ ಬಂಡೆಗಲ್ಲಿನ ಹತ್ರ ಸುಳಿ ಐತಿ, ಅಲ್ಲಿ ಬಲಕ್ಕ ಹೊಡೀಬೇಕು..."

ಬೀಗರು ತುಂಬಿದ ಸೇಂದಿ ತಂಬಿಗೆ ಅವನ ಎದೆಯ ಹತ್ತಿರ ತಂದರು. "ತಗೋರಿ, ಮೊದಲು ಗಂಟಲ ಹಸಿ ಮಾಡ್ಕೋರಿ."

ನಿಂಬೆವ್ವ ಕಣ್ಣು ಮುಚ್ಚಿಕೊಂಡಳು.

"...ಬಲಕ್ಕ ಹೊಡದು, ಎರಡು ಮಾರು ಹೋದಮ್ಯಾಲ ಬಿಡಬೇಕ್ರಿ. ಅಲ್ಲಿ ನೀರು ತಾನ ಒಯ್ತೈತಿ."

ಅಂಗಳದಲ್ಲಿ ನಗು ಎದ್ದಿತು. ನಿಂಬೆವ್ವ ಕಣ್ಣು ತೆರೆದಳು. ಅಪ್ಪನ ಅಂಗೈ ತಂಬಿಗೆಯನ್ನು ನೆಟ್ಟಗೆ ಆಚೆ ತಳ್ಳಿತ್ತು. ಬೀಗರ ಧೋತರ ಸೊಂಟದಿಂದ ಕೆಳಗೆ ಒದ್ದೆಯಾಗಿತ್ತು. ಅಪ್ಪ ಮಾತ್ರ ಇನ್ನೂ ಸುಳಿಯ ಬಗ್ಗೆಯೇ ಹೇಳುತ್ತಿದ್ದ. ಎಲ್ಲರೂ ಯಾಕೆ ನಗುತ್ತಿದ್ದಾರೆಂದು ಅವನಿಗೆ ತಿಳಿಯಲಿಲ್ಲ.

"ಯಪ್ಪಾ," ಎಂದಳು ನಿಂಬೆವ್ವ.

ಅವನು ಬೆಚ್ಚಿ ತಿರುಗಿದ.

"ಹರಿಗೋಲು ಎಲ್ಲಿ ಕಟ್ಟೀದಿ? ನನಗ ಭಾಳ ದೂರ ನಡಿಯಾಕ ಆಗೂದಿಲ್ಲ."

ಸಂಜೆಗೆ ಮೊದಲೇ ಹರಿಗೋಲು ಆಶ್ರಮದ ದಂಡೆಗೆ ತಾಗಿತು. ನಿಂಬೆವ್ವನ ಸೀರೆಯ ಅಂಚು ಕೂಡ ಒದ್ದೆಯಾಗಿರಲಿಲ್ಲ. ಸಂಗವ್ವ ಅವಳ ಕೈಹಿಡಿದು ಇಳಿಸಿಕೊಂಡಳು.

ಹುಲುಗಪ್ಪ ಓಡಿಹೋಗಿ ಅಜ್ಜಾರ ಮುಂದೆ ನಿಂತ. ಈ ಸಲ ಕಾಲಿಗೆ ಬೀಳಲಿಲ್ಲ, ನೆಟ್ಟಗೆ ನಿಂತ.

"ಅಜ್ಜಾರ, ಬಿಟ್ಟೆ ನೋಡ್ರಿ! ಇವತ್ತು ಬಿಟ್ಟೆ. ಇವತ್ತು ಯಾವ ತಿಥಿ ಹೇಳ್ರಿ, ವರ್ಷಾ ವರ್ಷಾ ಈ ದಿನ ಹೊಳಿಗೆ ದೀಪ ಬಿಡ್ತೀನಿ."

"ಇವತ್ತಲ್ಲ, ತಮ್ಮಾ."

"ಇವತ್ತ ರೀ! ನನ್ನ ಮಗಳನ್ನ ಕೇಳ್ರಿ."

"ಇವತ್ತು ನಿನ್ನ ಮಗಳು ನೋಡಿದ ದಿನ."

ಸಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎರಡೂವರೆ ತಿಂಗಳು ಮಾತು ಹಿಡಿದಿಟ್ಟುಕೊಂಡಿದ್ದಳು, ಅವಳ ಪಾಲಿಗೆ ಅದೇನು ಸಣ್ಣ ತಪಸ್ಸೇ!

"ಆ ಕಂಠ ಒಡೆದ ಗಡಿಗಿ ಖಾಲಿ ಇರಲಿಲ್ಲೋ ಹುಲುಗಪ್ಪ," ಎಂದಳು. "ಅರ್ಧ ಗಡಿಗಿ ತಾಜಾ ಸೇಂದಿ ಹಾಕಿ, ಎಲಿ ಕಟ್ಟಿ, ನಾನೇ ಬಿಟ್ಟಿದ್ದೆ. ಕೈಕಾಲು ನಡುಗಿದ್ದು ನಂದು. ನೀ ಅದನ್ನ ಆಚೆ ತಳ್ಳಿದಿ, ತಿರುಗಿ ಸುದ್ದಾ ನೋಡಲಿಲ್ಲ."

ಹುಲುಗಪ್ಪ ತನ್ನ ಅಂಗೈ ನೋಡಿಕೊಂಡ. ಎಷ್ಟು ನೋಡಿದರೂ ಅದು ಏನೂ ಹೇಳಲಿಲ್ಲ.

"ಅವತ್ತ ನನಗ ಯಾಕ ಹೇಳಲಿಲ್ಲ ಅಜ್ಜಾರ?"

"ಹೇಳಿದ್ರ ನೀ ತಿರುಗಿ ನೋಡ್ತಿದ್ದಿ."

"ಹಂಗಾರ ದೀಪ ಯಾವತ್ತು ಬಿಡ್ಲಿ? ಅದು ಯಾವ ದಿನ?"

ಅಜ್ಜಾರು ಹೊಳೆಯ ಕಡೆ ನೋಡಿದರು.

"ನೀ ಗುರೆಳ್ಳಿಗೆ ಜಗಳಾಡಿದ ದಿನ. ಕಾರ್ತಿಕ ಬಹುಳ ಪಂಚಮಿ, ಮಂಗಳವಾರ."